ಕತೆಗೆ ಹೂಂ ಎಂದವರು

ಈ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಐನಾಪುರ ದಾಟಿ ಕಾಗವಾಡದ ಕಡೆಗೆ ಹೊರಟಿದ್ದ ಬಸ್ಸಿನ ಕಿಟಕಿಯಿಂದ ಗಂಧಕದ ವಾಸನೆ ಒಳಗೆ ಬಂತು. ಬೆಂಕಿಕಡ್ಡಿ ಗೀರಿದ ಗಳಿಗೆಯಲ್ಲಿ ಮೂಗಿಗೆ ತಾಗಿ ಮರೆಯಾಗುವ ವಾಸನೆ ಅದು. ಈ ಸೀಮೆಯಲ್ಲಿ ಮಾತ್ರ, ದ್ರಾಕ್ಷಿಯ ಸುಗ್ಗಿಯಲ್ಲಿ, ಅದು ಮರೆಯಾಗುವುದಿಲ್ಲ. ಬಾಡಿದ ಹಣ್ಣಿನ ಸಿಹಿಯೊಂದಿಗೆ ಬೆರೆತು ಗಂಟಲಿನ ಹಿಂಭಾಗದಲ್ಲಿ ಕುಳಿತುಬಿಡುತ್ತದೆ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡಳು. ನಾನು ಕಿವಿಗೊಟ್ಟೆ. ಆ ವಾಸನೆ ಬಂದೊಡನೆ ಕಿವಿಗೊಡುವ ಅಭ್ಯಾಸ ನನಗೆ ಅಂಟಿಕೊಂಡದ್ದು ಕೆಲವು ವರ್ಷಗಳ ಹಿಂದಿನ ಒಂದು ಸುಗ್ಗಿಯಲ್ಲಿ.

ನಾನು ರಾಯಬಾಗ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದವಳು. ಸ್ವಯಂ ನಿವೃತ್ತಿ ಪಡೆದು, ಐನಾಪುರದ ಸಮೀಪದ ತೋಟದ ಮನೆಯೊಂದರ ಮುಂಭಾಗದ ಎರಡು ಕೋಣೆಗಳನ್ನು ಬಾಡಿಗೆಗೆ ಹಿಡಿದಿದ್ದೆ. ಮನೆ ಅಪ್ಪಾಸಾಹೇಬರದು. ಹಲವು ತಲೆಮಾರುಗಳಿಂದ ಅಲ್ಲಿಯೇ ನೆಲೆನಿಂತ ಜೈನ ಮನೆತನ. ಕಬ್ಬು, ದ್ರಾಕ್ಷಿ, ಮನೆಯ ಹಿಂದೆ ಒಣದ್ರಾಕ್ಷಿ ಮಾಡುವ ಶೆಡ್ಡು. ಒಣದ್ರಾಕ್ಷಿಯನ್ನು ಅಲ್ಲಿಯವರು ಬೇದಾಣೆ ಎನ್ನುತ್ತಾರೆ. ಅಪ್ಪಾಸಾಹೇಬರ ಹೆಂಡತಿಯನ್ನು ಎಲ್ಲರೂ ವೈನಿ ಎಂದು ಕರೆಯುತ್ತಿದ್ದರು. ಬೇದಾಣೆ ಆರಿಸುವ ಹೆಂಗಸರ ನಡುವೆ ಮಧ್ಯಾಹ್ನದ ಹೊತ್ತು ನಾನೊಬ್ಬಳು ಕುಳಿತಿದ್ದರೆ ಕೆಲಸ ಶಿಸ್ತಿನಿಂದ ನಡೆದೀತೆಂದು ವೈನಿ ನನ್ನನ್ನು ಒಂದು ಕುರ್ಚಿ ಸಮೇತ ಅಲ್ಲಿಗೆ ಕಳುಹಿಸಿದರು. ಶಿಸ್ತಿನ ವಿಷಯದಲ್ಲಿ ನನಗಿದ್ದ ಹೆಸರು ನನಗಿಂತ ಮೊದಲೇ ಆ ಊರು ಮುಟ್ಟಿತ್ತು.

ಉದ್ದನೆಯ ತಗಡಿನ ಚಾವಣಿ, ಅದರಡಿ ಹಂತಹಂತವಾಗಿ ಬಲೆ ಬಿಗಿದ ರ್‍ಯಾಕುಗಳು, ನಾಲ್ಕೂ ಕಡೆ ಹಸಿರು ನೆಟ್ಟು. ರ್‍ಯಾಕುಗಳ ಸಾಲುಗಳ ನಡುವೆ ಒಬ್ಬರು ಮಾತ್ರ ಮೈ ಓರೆ ಮಾಡಿಕೊಂಡು ಹೋಗಬಹುದಾದ ಇಕ್ಕಟ್ಟು ಓಣಿ. ನೆಟ್ಟಿನೊಳಗೆ ಇಳಿದ ಬಿಸಿಲು ಹಸಿರಾಗಿ, ಅಲ್ಲಿ ನಿಂತವರ ಮುಖ ಬಾವಿಯ ತಳದಿಂದ ಮೇಲೆ ನೋಡುತ್ತಿರುವಂತೆ ಕಾಣುತ್ತಿತ್ತು. ಸಾವಿರಾರು ಗೊಂಚಲುಗಳು ಸದ್ದಿಲ್ಲದೆ ಕುಗ್ಗುತ್ತಿರುವ ಜಾಗದಲ್ಲಿ ಒಂದು ಬಗೆಯ ಮೌನವಿರುತ್ತದೆ. ಅದನ್ನು ನಾನು ಪರೀಕ್ಷಾ ಕೊಠಡಿಗಳಲ್ಲಿಯೂ ಕಂಡಿರಲಿಲ್ಲ.

ಆ ಮೌನವನ್ನು ಹೆಂಗಸರು ಸಹಿಸುತ್ತಿರಲಿಲ್ಲ. ಮೊಬೈಲು ಹಿಡಿದರೆ ಕೈ ನಿಲ್ಲುತ್ತದೆ ಎಂದು ವೈನಿ ಅದನ್ನು ಶೆಡ್ಡಿನೊಳಗೆ ನಿಷೇಧಿಸಿದ್ದರು. ಆಗ ನನಗೆ ನೆನಪಾದದ್ದು ನನ್ನ ಕಬ್ಬಿಣದ ಟ್ರಂಕು. ಅದರೊಳಗೆ, ಇಡೀ ಸೇವಾವಧಿಯಲ್ಲಿ ನಾನು ವಿದ್ಯಾರ್ಥಿನಿಯರ ಪಠ್ಯಪುಸ್ತಕಗಳ ಮರೆಯಿಂದ ಕಿತ್ತುಕೊಂಡ ಪ್ರೇಮ ಕಾದಂಬರಿಗಳಿದ್ದವು. ವರ್ಷದ ಕೊನೆಗೆ ಬಂದು ಒಯ್ಯಿರಿ ಎಂದರೂ ಯಾರೂ ಬಂದಿರಲಿಲ್ಲ. ನಾನು ಒಂದನ್ನೂ ಓದಿರಲಿಲ್ಲ. ಓದಲು ತೆಗೆದಾಗ ತಿಳಿಯಿತು, ಅವೆಲ್ಲವೂ ಹೆಚ್ಚುಕಡಿಮೆ ಒಂದೇ ಕಾದಂಬರಿ: ಗಿರಣಿ ಮಾಲೀಕನ ಮಗ, ದರ್ಜಿಯ ಮಗಳು, ಅಥವಾ ಬಂಗಲೆಯ ಮಗಳು, ಕಾರು ನಡೆಸುವವನ ಮಗ. ಸಿರಿವಂತರ ಕಡೆಯವರಿಗೆ ನಡುವೆ ಎಲ್ಲಿಯೋ ಒಂದು ಜ್ವರ ಬರುತ್ತದೆ, ಬಡವರ ಕಡೆಯವರು ಜ್ವರದವರ ಹಣೆಯ ಮೇಲೆ ಒದ್ದೆ ಬಟ್ಟೆ ಇಡುತ್ತಾರೆ, ಕೊನೆಯಲ್ಲಿ ಮದುವೆ.

ಓದಿದವಳು ಮಾಯಾ. ಆರಿಸುವ ಕೆಲಸದ ಬಾಳವ್ವನ ಮಗಳು, ಪಿಯುಸಿ ಮುಗಿಸಿದವಳು. ತಾಯಿ ಮಗಳು ಇಬ್ಬರೂ ಅಪ್ಪಾಸಾಹೇಬರ ತೋಟದ ಅಂಚಿನಲ್ಲಿ, ಮಾಲೀಕರೇ ಕೊಟ್ಟ ತಗಡಿನ ಮನೆಯಲ್ಲಿದ್ದರು. ಕೆಲಸವಿರುವ ತನಕ ಮನೆ ಎಂಬುದು ಮಾತು. ಮಾಯಾಳ ಓದು ಸ್ಫುಟವಾಗಿತ್ತು. ಅಲ್ಪಪ್ರಾಣ ಮಹಾಪ್ರಾಣಗಳನ್ನು ತಪ್ಪಿಲ್ಲದೆ ಉಚ್ಚರಿಸುವ ಹುಡುಗಿಯನ್ನು ಕಂಡು ನನಗೆ ಹೊಟ್ಟೆ ತುಂಬಿದಂತಾಗಿತ್ತು.

ಹೆಂಗಸರು ಕೇಳುತ್ತಿದ್ದ ಪ್ರಶ್ನೆಗಳು ಬೇರೆ. ನಾಯಕಿ ಅಳುತ್ತ ಕುಳಿತಾಗ, ಆಕೆಗೆ ಬೆಳಗಿನ ಕೆಲಸವೇ ಇಲ್ಲವೇ ಎಂದರು. ನಾಯಕ ನಾಯಕಿಯರು ಮೊದಲ ಭೇಟಿಯಲ್ಲಿಯೇ ಒಲಿದಾಗ ಬಾಳವ್ವ ಕೈ ನಿಲ್ಲಿಸಿ ಕೇಳಿದಳು: “ಅವರ ಅಡ್ಡಹೆಸರ ಏನಂತ ಬರದೇ ಇಲ್ಲಲ್ಲ. ಅಡ್ಡಹೆಸರ ಗೊತ್ತಿಲ್ದ ಪ್ರೀತಿ ಹೆಂಗ ಮಾಡ್ಯಾರ?” ಅಡ್ಡಹೆಸರಿನಿಂದಲೇ ಜಾತಿ ತಿಳಿಯುವ ಸೀಮೆ ಅದು; ಶೆಡ್ಡಿನ ತುಂಬ ನಗೆ. ಮಾಯಾ ಮಾತ್ರ ಪುಟದಿಂದ ತಲೆ ಎತ್ತಲಿಲ್ಲ.

ಆ ಸೀಮೆಯಲ್ಲಿ ಕತೆ ಹೇಳುವವರಿಗೆ ಎದುರಿನಿಂದ ಒಬ್ಬರು ಹೂಂ ಎನ್ನುತ್ತಿರಬೇಕು. ವಾಕ್ಯ ಮುಗಿದಾಗ ಒಂದು ಹೂಂ. ಅದು ಬಂದ ಮೇಲೆಯೇ ಮುಂದಿನ ವಾಕ್ಯ. ಹೂಂ ಎನ್ನುವವರಿಲ್ಲದೆ ಕತೆ ಹೇಳಿದರೆ ಅದನ್ನು ಕೇಳಲು ಬೇರೆ ಯಾರಾದರೂ ಬರುತ್ತಾರೆಂದು ನಂಬಿಕೆ. ಕಾದಂಬರಿಗೂ ಅದೇ ನಿಯಮ ಅನ್ವಯಿಸಿತು. ಎಲ್ಲರಿಗಿಂತ ಹಿರಿಯಳಾದ ಲಗಮವ್ವ, ಹಲ್ಲಿಲ್ಲದ ಬಾಯಿಯಿಂದ, ಪ್ರತಿ ವಾಕ್ಯಕ್ಕೂ ಠಸ್ಸೆ ಒತ್ತಿದಂತೆ ಹೂಂ ಎನ್ನುತ್ತಿದ್ದಳು.

ಒಂದು ದಿನ ಲಗಮವ್ವ ಚಿಂಚಲಿಯ ಮಾಯಕ್ಕನ ಗುಡಿಗೆ ಹೋಗಿದ್ದಳು. ಆಕೆಯ ಬದಲು ಹೂಂ ಎನ್ನಲು ಯಾರೂ ಮುಂದೆ ಬರಲಿಲ್ಲ. ಒಬ್ಬರು ಅಂದಾರೆಂದು ಇನ್ನೊಬ್ಬರು ಸುಮ್ಮನಿದ್ದರು. ಮಾಯಾ ಓದಲು ತೊಡಗಿದಳು. ಬಂಗಲೆಯ ಮಗಳು ಗೇಟಿನ ಬಳಿ ನಿಂತಿದ್ದಾಳೆ, ಕಾರು ಹೊರಟುಹೋಗಿದೆ. ವಾಕ್ಯ ಮುಗಿಯಿತು. ಅಭ್ಯಾಸಬಲದಿಂದ ಮಾಯಾ ನಿಲ್ಲಿಸಿದಳು.

ರ್‍ಯಾಕುಗಳ ನಡುವಿನಿಂದ ಹೂಂ ಎಂಬ ದನಿ ಬಂತು.

ಗಂಡಸಿನ ದನಿ. ದೊಡ್ಡದಲ್ಲ, ಬಹಳ ಹೊತ್ತಿನಿಂದ ಕೇಳುತ್ತಿದ್ದವರ ದನಿ. ಹೆಂಗಸರ ಕೈಗಳೆಲ್ಲ ಒಟ್ಟಿಗೆ ನಿಂತವು. ನಾನು ಎದ್ದು, ಕ್ರಮವಾಗಿ, ಒಂದೊಂದೇ ಓಣಿಯನ್ನು ನೋಡಿ ಬಂದೆ. ಹಸಿರು ಬೆಳಕು, ಬಾಡುತ್ತಿರುವ ಹಣ್ಣು, ಮತ್ತೇನೂ ಇರಲಿಲ್ಲ. ನಾನು ಕುರ್ಚಿಗೆ ಮರಳಿದ ಮೇಲೆ ಮಾಯಾ ಮುಂದಿನ ವಾಕ್ಯ ಓದಿದಳು. ಅದಕ್ಕೂ ಹೂಂ ಬಂತು.

ಲಗಮವ್ವ ಚಿಂಚಲಿಯಿಂದ ಮರಳಿ ವಿಷಯ ಕೇಳಿದಾಗ ಆಕೆಗೆ ಆಶ್ಚರ್ಯವಾಗಲಿಲ್ಲ. ಅಪ್ಪಾಸಾಹೇಬರಿಗೆ ಒಬ್ಬ ಕಾಕಾ, ಎಂದರೆ ಚಿಕ್ಕಪ್ಪ, ಇದ್ದರಂತೆ. ಪ್ರಾಯದಲ್ಲಿ ಅವರು ಕಬ್ಬು ಕಡಿಯಲು ಬಂದವರ ಮಗಳೊಬ್ಬಳನ್ನು ಬಯಸಿದರು. ಮನೆಯವರು ಆ ಕುಟುಂಬವನ್ನು ಬೆಳಗಾಗುವುದರೊಳಗೆ ಬೇರೆ ಸೀಮೆಗೆ ಸಾಗಿಸಿದರು. ಅಂದಿನಿಂದ ಕಾಕಾ ಮಾತು ಬಿಟ್ಟರು. ಉಣ್ಣುತ್ತೀರಾ ಎಂದರೆ ಹೂಂ, ಮಲಗುತ್ತೀರಾ ಎಂದರೆ ಹೂಂ, ಮುಪ್ಪಿನವರೆಗೂ ಅಷ್ಟೇ. ಈಗ ಶೆಡ್ಡು ಇರುವ ಜಾಗದಲ್ಲಿದ್ದ ಗುಡಿಸಲಿನಲ್ಲಿಯೇ ಅವರು ತೀರಿಕೊಂಡದ್ದು. “ಅಂಥಾದ ಕತಿ ಓದಾಕತ್ತೇವಿ, ಬರಲಾರದ ಹೆಂಗ ಇರತಾರ?” ಎಂದಳು ಲಗಮವ್ವ. ಅಂದಿನಿಂದ ಹೂಂ ಎನ್ನುವ ಕೆಲಸವನ್ನು ಆಕೆಯೇ ಗೌರವದಿಂದ ಬಿಟ್ಟುಕೊಟ್ಟಳು. ಹೆಂಗಸರು ಎರಡೇ ದಿನದಲ್ಲಿ ಒಗ್ಗಿಕೊಂಡರು. ಆದರೆ ಆ ಓಣಿಗಳ ಕಡೆಗೆ ಒಬ್ಬಳೂ ಹೋಗುತ್ತಿರಲಿಲ್ಲ.

ಆ ವಾರ ಮುಗಿಯುವ ಹೊತ್ತಿಗೆ ಮಾಯಾ ಪುಸ್ತಕ ಬದಲಾಯಿಸಲೆಂದು ನನ್ನ ಕೋಣೆಗೆ ಬಂದಳು. ಟ್ರಂಕಿನ ಮುಂದೆ ಕುಳಿತು, ನನ್ನ ಮುಖ ನೋಡದೆ ಹೇಳಿದಳು: “ಅಕ್ಕೋರ, ಅದು ದೆವ್ವ ಅಲ್ಲರಿ. ಸನ್ಮತಿ ಮಾಲಕರ ಅದಾರರಿ.”

ಸನ್ಮತಿ ಎಂದರೆ ಅಪ್ಪಾಸಾಹೇಬರ ಒಬ್ಬನೇ ಮಗ. ಕೃಷಿ ಪದವಿ ಮುಗಿಸಿ ತೋಟ ನೋಡಿಕೊಳ್ಳುತ್ತಿದ್ದ, ಮಿತಭಾಷಿಯಾದ ಹುಡುಗ. ದೆವ್ವದ ಭಯದಿಂದ ಓಣಿಗೆ ಯಾರೂ ಬರುವುದಿಲ್ಲ. ಅದು ಅವರಿಬ್ಬರಿಗೂ ಅನುಕೂಲವಾಗಿತ್ತು. ಮಾತನಾಡುವ ಹಾಗಿಲ್ಲ, ನೋಡುವ ಹಾಗಿಲ್ಲ. ಇವಳು ಓದುವುದು, ಅವನು ಹೂಂ ಎನ್ನುವುದು, ಅಷ್ಟೇ ಅವರ ಭೇಟಿ. ಸಾಂಗ್ಲಿಯ ಕಡೆಯಿಂದ ಅವನಿಗೆ ಹೆಣ್ಣು ನೋಡುತ್ತಿದ್ದರು. ಸುಗ್ಗಿ ಮುಗಿದ ಮೇಲೆ ತಮ್ಮಿಬ್ಬರ ವಿಷಯವನ್ನು ತಂದೆಗೆ ತಾನೇ ಹೇಳುವುದಾಗಿ ಅವನು ಮಾತು ಕೊಟ್ಟಿದ್ದ. “ಅದಕ್ಕೂ ಮೊದಲ ಗೊತ್ತಾತಂದ್ರ ನಮ್ಮವ್ವ ರಸ್ತೇಕ ಬರತಾಳರಿ,” ಎಂದಳು ಮಾಯಾ. ನಾನು ಯಾರಿಗೂ ಹೇಳುವುದಿಲ್ಲವೆಂದೆ. ನಾನು ಕಿತ್ತುಕೊಂಡಿದ್ದ ಅಷ್ಟು ಕಾದಂಬರಿಗಳಲ್ಲಿ ತಾಯಿಯ ತಲೆಯ ಮೇಲಿನ ತಗಡಿಗೆ ಹೆದರಿದ ನಾಯಕಿ ಒಬ್ಬಳೂ ಇರಲಿಲ್ಲ.

ಆ ಬಳಿಕ ನಾನು ನೆಟ್ಟಿನ ಅಂಚಿನ ಕೆಳಗೆ ಸನ್ಮತಿಯ ಚಪ್ಪಲಿಗಳನ್ನು ಗುರುತಿಸತೊಡಗಿದೆ. ಒಂದು ವಿಷಯ ಮಾತ್ರ ನನ್ನ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಕೆಲವು ದಿನ ಚಪ್ಪಲಿ ಎಡಗಡೆಯ ಓಣಿಯಲ್ಲಿದ್ದರೆ ಹೂಂ ಬಲಗಡೆಯಿಂದ ಬರುತ್ತಿತ್ತು. ತಗಡಿನ ಚಾವಣಿ ದನಿಯನ್ನು ತಿರುಗಿಸುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಬೇದಾಣೆಗೆ ಹೊಂಬಣ್ಣ ಬರಬೇಕಾದರೆ ಗಂಧಕದ ಹೊಗೆ ಕೊಡಬೇಕು. ಒಂದು ಸಾಲಿನ ರ್‍ಯಾಕನ್ನು ಮೇಲಿನಿಂದ ನೆಲದವರೆಗೆ ತಾಡಪತ್ರಿಯಿಂದ ಮುಚ್ಚಿ, ಅಂಚುಗಳ ಮೇಲೆ ತುಂಬಿದ ಕ್ರೇಟುಗಳನ್ನಿಟ್ಟು, ಒಳಗೆ ತಗಡಿನ ಬುಟ್ಟಿಯಲ್ಲಿ ಗಂಧಕ ಉರಿಸುತ್ತಾರೆ. ಆ ಹೊಗೆಯಲ್ಲಿ ಇರುವೆ ಕೂಡ ಉಳಿಯುವುದಿಲ್ಲ. ಆದ್ದರಿಂದ ಕಡ್ಡಿ ಗೀರುವ ಮೊದಲು ಒಳಕ್ಕೆ ಕೂಗಿ, ಉತ್ತರಕ್ಕಾಗಿ ಕಾಯುವುದು ಎಲ್ಲ ಶೆಡ್ಡುಗಳಲ್ಲಿಯೂ ಕಡ್ಡಾಯ. ನಮ್ಮ ಶೆಡ್ಡಿನಲ್ಲಿ ಆ ಕೆಲಸ ಮೇಸ್ತ್ರಿ ಸತ್ಯಪ್ಪನದು.

ಸುಗ್ಗಿಯ ಕೊನೆಯ ರ್‍ಯಾಕಿಗೆ ಹೊಗೆ ಕೊಡುವ ದಿನ ನಾವು ಒಂದು ಕಾದಂಬರಿಯ ಕೊನೆಯ ಪುಟಗಳಿಗೆ ಬಂದಿದ್ದೆವು. ತಾಡಪತ್ರಿಗಳು ಬೆಳಗಿನಿಂದಲೇ ಇಳಿದಿದ್ದವು. ಹೆಂಗಸರು ಮುಖಕ್ಕೆ ಸೆರಗು ಸುತ್ತಿಕೊಂಡು ಗಾಳಿ ಬರುವ ದಿಕ್ಕಿನಲ್ಲಿ ಕುಳಿತಿದ್ದರು. ಗಿರಣಿ ಮಾಲೀಕನ ಮಗ ಮನೆ ಬಿಟ್ಟು ದರ್ಜಿಯ ಅಂಗಡಿಯ ಮೆಟ್ಟಿಲಿಗೆ ಬಂದು ನಿಂತಿದ್ದ. ತಾಡಪತ್ರಿಯ ಒಳಗಿನಿಂದ, ಎಂದಿನಂತೆ, ಹೂಂ ಬರುತ್ತಿತ್ತು. ಮರೆ ಹೆಚ್ಚಿದ ದಿನವೆಂದು ಸನ್ಮತಿ ಒಳಗೆ ಸೇರಿಕೊಂಡಿರಬೇಕು ಎಂದುಕೊಂಡೆ. ಸತ್ಯಪ್ಪ ಬುಟ್ಟಿ ಹಿಡಿದು ಬರುವುದನ್ನು ಕಂಡು ನಾನು ನಿಶ್ಚಿಂತಳಾಗಿಯೇ ಇದ್ದೆ. ಅವನು ಕೂಗುತ್ತಾನೆ, ಇವನು ಈಚೆಗೆ ಬರುತ್ತಾನೆ, ಏನಾದರೊಂದು ನೆಪ ಹೇಳುತ್ತಾನೆ.

ಸತ್ಯಪ್ಪ ಮೂಲೆಯನ್ನು ಎತ್ತಿ ಕೂಗಿದ: “ಒಳಗ ಯಾರರ ಅದೀರೇನ?”

ಒಳಗಿನಿಂದ ಸ್ಪಷ್ಟವಾಗಿ ಹೂಂ ಎಂಬ ಉತ್ತರ ಬಂತು.

ಸತ್ಯಪ್ಪ ನಮ್ಮ ಕಡೆಗೆ ತಿರುಗಿ ನಕ್ಕ. “ಕಾಕಾ ಅದಾರ ಬಿಡ್ರಿ. ಅವರಿಗೇನ ಆಗತೈತಿ ಹೊಗಿ?” ಹೆಂಗಸರೂ ನಕ್ಕರು. ಆ ನಗೆಯ ನಡುವೆಯೇ ಅವನು ಕಡ್ಡಿ ಗೀರಿ, ಬುಟ್ಟಿಯನ್ನು ಒಳಗೆ ತಳ್ಳಿ, ಮೂಲೆಯನ್ನು ಇಳಿಸಿ, ಅದರ ಮೇಲೆ ಕ್ರೇಟು ಎಳೆದ. ನಾನು ಕುರ್ಚಿಯಿಂದ ಏಳುವಷ್ಟರಲ್ಲಿ ಅದೆಲ್ಲ ಮುಗಿದಿತ್ತು.

ಮಾಯಾ ನನ್ನನ್ನು ನೋಡಿದಳು. ಮನೆಯ ಹಿಂದಿನ ಬಾಗಿಲಿನಲ್ಲಿ ವೈನಿ ಚಹಾದ ಕಿಟಲಿ ಹಿಡಿದು ನಿಂತಿದ್ದರು. ಬಾಳವ್ವ ತಲೆ ತಗ್ಗಿಸಿ ಬೇದಾಣೆ ಆರಿಸುತ್ತಿದ್ದಳು. ಮಾಯಾ ಪುಸ್ತಕದತ್ತ ಕಣ್ಣು ಇಳಿಸಿ, ಇನ್ನೊಂದು ವಾಕ್ಯವನ್ನು ದೊಡ್ಡ ದನಿಯಲ್ಲಿ ಓದಿ, ನಿಲ್ಲಿಸಿದಳು.

ಹೂಂ ಬಂತು. ಈ ಸಲ ರ್‍ಯಾಕಿನ ಆಚೆಯ ತುದಿಯಿಂದ, ನೆಲಕ್ಕೆ ಹತ್ತಿರದಿಂದ. ಅದನ್ನು ಕೇಳಿ ಹೆಂಗಸರು ಮತ್ತೆ ಕೆಲಸಕ್ಕೆ ತೊಡಗಿದರು. ಮಾಯಾ ಮಾತ್ರ ಪುಸ್ತಕ ಬಿಸುಟು, ಗೊಂಚಲು ಕತ್ತರಿಸುವ ಕತ್ತರಿಯನ್ನು ಎತ್ತಿಕೊಂಡು, ನೇರವಾಗಿ ಆ ತುದಿಗೆ ಓಡಿ, ತಾಡಪತ್ರಿಯನ್ನು ಮೇಲಿನಿಂದ ಕೆಳಗೆ ಸೀಳಿದಳು. ಸೀಳುತ್ತ ಕರೆದಳು: “ಸನ್ಮತಿ, ಏ ಸನ್ಮತಿ, ಕೈ ಕೊಡೋ.”

ಮಾಲಕರು ಎಂಬ ಮಾತಿಲ್ಲ, ರೀ ಎಂಬ ಮಾತಿಲ್ಲ. ಇಡೀ ಶೆಡ್ಡು ಆ ಹೆಸರನ್ನು ಕೇಳಿತು, ವೈನಿಯೂ ಕೇಳಿದರು. ಕೇಳಿದ ಮೇಲೆ ತಿಳಿಯಲು ಏನೂ ಉಳಿದಿರಲಿಲ್ಲ. ನಾನು ಕ್ರೇಟುಗಳನ್ನು ಎಳೆದು ಹಾಕಿದೆ. ಹಳದಿ ಹೊಗೆ ನಮ್ಮ ಕಾಲ ಮೇಲೆ ಹರಿಯಿತು. ಸೀಳಿದ ಜಾಗಕ್ಕೆ ಸರಿಯಾಗಿ, ಒಳಗಡೆ, ಸನ್ಮತಿ ಬೋರಲಾಗಿ ಬಿದ್ದಿದ್ದ. ಮಾಯಾ ಮತ್ತು ಸತ್ಯಪ್ಪ ಅವನನ್ನು ಎಳೆದು ಗಾಳಿಗೆ ತಂದರು.

ಮಿರಜದ ಆಸ್ಪತ್ರೆಯಲ್ಲಿ ಅವನು ಬದುಕಿದ. ದನಿ ಬದುಕಲಿಲ್ಲ. ಮೊದಲ ಉಸಿರಿಗೇ ಹೊಗೆ ಗಂಟಲನ್ನು ಸುಟ್ಟಿತ್ತು. ಪಿಸುಮಾತಿನ ಆಚೆಗೆ ಅವನಿಗೆ ಏನೂ ಉಳಿಯಲಿಲ್ಲ. ಅಪ್ಪಾಸಾಹೇಬರು ಯಾರ ಮೇಲೂ ಕೂಗಾಡಲಿಲ್ಲ. ಬಾಳವ್ವನ ಪಾತ್ರೆಪಡಗಗಳು ಆ ಸಂಜೆಯೇ ತೋಟದ ಹೊರಗಿನ ರಸ್ತೆಯ ಪಕ್ಕದಲ್ಲಿದ್ದವು. ನನ್ನ ಟ್ರಂಕೂ ಕೆಲವು ದಿನಗಳಲ್ಲಿ ಅಲ್ಲಿಂದ ಹೊರಟಿತು. ಸಾಂಗ್ಲಿಯ ಸಂಬಂಧದ ಬಗ್ಗೆ ತಂದೆ ಕೇಳಿದಾಗಲೆಲ್ಲ ಸನ್ಮತಿ ಬೇಡವೆಂದು ತಲೆಯಾಡಿಸಿದನಂತೆ. ಕಡೆಗೆ ಅವನೂ ಆ ಮನೆಯಿಂದ ಹೊರಗೆ ನಡೆದ. ಅವನ ಮತ್ತು ಮಾಯಾಳ ಮದುವೆ ಚಿಕ್ಕೋಡಿಯಲ್ಲಿ ನೋಂದಣಿಯಾಯಿತು. ಸಾಕ್ಷಿಯ ಸ್ಥಳದಲ್ಲಿ ನನ್ನ ಸಹಿ ಇದೆ.

ಈ ಮಾರ್ಚಿನ ಆ ಮಧ್ಯಾಹ್ನ ನಾನು ಬಸ್ಸಿನಿಂದ ಇಳಿದದ್ದು ಕಾಗವಾಡದ ಈಚೆಗೆ, ಅವರಿಬ್ಬರೂ ಗುತ್ತಿಗೆಗೆ ಹಿಡಿದು ನಡೆಸುತ್ತಿರುವ ಸಣ್ಣ ಶೆಡ್ಡಿನ ಮುಂದೆ. ಬಾಳವ್ವ ಅಲ್ಲಿಯೇ ಇದ್ದಾಳೆ, ಲಗಮವ್ವ ಈಗಿಲ್ಲ. ಅಪ್ಪಾಸಾಹೇಬರ ಮನೆಯಿಂದ ಇದುವರೆಗೆ ಯಾರೂ ಅಲ್ಲಿಗೆ ಕಾಲಿಟ್ಟಿಲ್ಲ. ಮಾಯಾ ಒಂದು ರ್‍ಯಾಕಿಗೆ ಹೊಗೆ ಕೊಡುವ ಸಿದ್ಧತೆಯಲ್ಲಿದ್ದಳು. ಹೊರಗೆ ನಿಂತು ಕೂಗುವ ಪದ್ಧತಿಯನ್ನು ಆಕೆ ಬಿಟ್ಟಿದ್ದಾಳೆ. ತಾಡಪತ್ರಿ ಇಳಿಸುವ ಮೊದಲು ತಾನೇ ಒಳಗೆ ಹೋಗಿ, ಓಣಿಯ ಈ ತುದಿಯಿಂದ ಆ ತುದಿಯವರೆಗೆ ಎರಡೂ ಕೈ ಚಾಚಿ ತಡವುತ್ತ ಬರುತ್ತಾಳೆ.

ಅವಳು ಒಳಗಿದ್ದಾಗ ಸನ್ಮತಿ ನನ್ನ ಪಕ್ಕದಲ್ಲಿ ನಿಂತಿದ್ದ. ಆ ದಿನ ಕೂಗಿದಾಗ ಈಚೆಗೆ ಏಕೆ ಬರಲಿಲ್ಲ ಎಂದು ಕೇಳಿದೆ. ಅವನ ತುಟಿಯ ಹತ್ತಿರ ಕಿವಿ ತರಬೇಕಾಯಿತು. “ಸತ್ಯಪ್ಪ ಕರದಾ, ನಾ ಹೂಂ ಅಂದೆರಿ. ನಾ ಇದ್ದ ಕಡೆ ತಾಡಪತ್ರಿ ಎತ್ತತಾನ ಅಂತ ನಿಂತೆ,” ಎಂದ. ಮತ್ತೆ ಹೇಳಿದ: “ಆದರ ಮೊದಲನೇ ದಿನದ್ದು ನಾ ಅಲ್ಲರಿ ಅಕ್ಕೋರ. ಲಗಮವ್ವ ಚಿಂಚಲಿಗೆ ಹೋದ ದಿನ ನಾ ಸಾಂಗ್ಲ್ಯಾಗ ಇದ್ದೆ. ಮಂದಿ ಆಡೂದ ಕೇಳಿ ಮರುದಿನದಿಂದ ಹೋಗಿ ನಿಂತೆ. ಒಮ್ಮೊಮ್ಮೆ ನಾ ಬಾಯಿ ತೆಗ್ಯೂದರಾಗ ಮೊದಲ ಬರತಿತ್ತು.”

ಮಾಯಾ ಹೊರಗೆ ಬಂದು ಕೈ ಒರೆಸಿಕೊಳ್ಳುತ್ತಿದ್ದಳು. ನಮ್ಮ ಮಾತು ಕೇಳಿಸಿತ್ತು. ಅವಳು ನನಗೆ ಇನ್ನೊಂದು ವಿಷಯ ಹೇಳಿದಳು. ಹೊಗೆ ಹಾಕಿದ ಮೇಲೆ ಬಂದ ಕೊನೆಯ ಹೂಂ ಸನ್ಮತಿಯ ದನಿಯಾಗಿರಲಿಲ್ಲ. ಅದನ್ನು ಕೇಳಿದ ಕೂಡಲೇ ಅವನಿಗೆ ದನಿ ಹೋಗಿದೆಯೆಂದು ಅವಳಿಗೆ ತಿಳಿಯಿತು. ದನಿ ಎಲ್ಲಿಂದ ಬಂತೋ ಅಲ್ಲಿಯೇ ಕತ್ತರಿ ಹಾಕಿದಳು. “ಆ ಮನಿ ಮಂದ್ಯಾಗ ಇವರನ್ನ ನನ್ನ ಕೈಯಾಗ ಕೊಟ್ಟಾವರು ಕಾಕಾ ಒಬ್ಬರರಿ. ಈಗ ನಮ್ಮ ಸಂಗಾಟ ಅದಾರ.” ಅತ್ತೆಮನೆಯ ಹಿರಿಯರ ಬಗ್ಗೆ ಸೊಸೆಯೊಬ್ಬಳು ಮಾತನಾಡುವ ರೀತಿಯಲ್ಲಿಯೇ ಹೇಳಿದಳು.

ಹೊಗೆಯ ಕೆಲಸವನ್ನು ಸಂಜೆಗೆ ಮುಂದೂಡಿ ಹೆಂಗಸರು ಆರಿಸಲು ಕುಳಿತರು. ಮಾಯಾ ಒಂದು ಪುಸ್ತಕ ತಂದು ನನ್ನ ತೊಡೆಯ ಮೇಲಿಟ್ಟಳು. ಅಂದು ಬಿಸುಟ ಅದೇ ಕಾದಂಬರಿ. ಕೊನೆಯ ಪುಟವನ್ನು ಅವರು ಇನ್ನೂ ಓದಿರಲಿಲ್ಲ. ಅಕ್ಕೋರೇ ಮುಗಿಸಲಿ ಎಂದು ಕಾದಿಟ್ಟಿದ್ದರಂತೆ. ನಾನು ಕನ್ನಡಕ ಸರಿಪಡಿಸಿಕೊಂಡು, ಅಕ್ಷರಗಳಿಗೆ ನ್ಯಾಯ ಸಲ್ಲುವಂತೆ ಓದತೊಡಗಿದೆ. ಮೊದಲ ವಾಕ್ಯ ಮುಗಿಸಿ ನಿಂತೆ. ಸನ್ಮತಿ ನನ್ನ ಎದುರಿಗೇ ಕುಳಿತಿದ್ದ, ಅವನ ತುಟಿಗಳು ಮುಚ್ಚಿದ್ದವು.

ಖಾಲಿ ಓಣಿಯಿಂದ ಹೂಂ ಬಂತು. ಯಾರೂ ತಲೆ ಎತ್ತಲಿಲ್ಲ. ನಾನು ಎದ್ದು ಹೋಗಿ ನೋಡಲಿಲ್ಲ.

ಓದಿದೆ. ದರ್ಜಿಯ ಮಗಳು ಬಾಗಿಲು ತೆರೆದಳು, ಮಂಗಳವಾದ್ಯ ಮೊಳಗಿತು, ಹಾರಗಳು ಬದಲಾದವು. ಕೊನೆಯ ವಾಕ್ಯ ಓದಿ ಪುಸ್ತಕ ಮುಚ್ಚಿ, ಮುಗಿಯಿತು ಎಂದೆ.

ಹೂಂ, ಎಂದಿತು ಓಣಿ. ಸ್ವಲ್ಪ ಹೊತ್ತು ಬಿಟ್ಟು, ಇನ್ನಷ್ಟು ಹತ್ತಿರದಿಂದ, ಮತ್ತೊಮ್ಮೆ. ಮುಂದೇನು ಎಂದು ಕೇಳುವವರ ಹಾಗೆ. ನನ್ನ ಕೈಯಲ್ಲಿ ಓದಲು ಪುಟಗಳಿರಲಿಲ್ಲ. ಹೆಂಗಸರು ಮಾಯಾಳನ್ನು ನೋಡಿದರು. ಅವಳು ಬೇದಾಣೆಯ ತೊಟ್ಟು ಬಿಡಿಸುತ್ತಲೇ, ಬರಿ ಬಾಯಿಯಿಂದ, ಹೇಳತೊಡಗಿದಳು:

“ಆಮ್ಯಾಲೆ ಏನಾತಂದ್ರ, ಕಾಕಾ, ಅವರಿಬ್ಬರೂ ಕಾಗವಾಡದ ಹಾದ್ಯಾಗ ಒಂದ ಶೆಡ್ ಹಿಡದ್ರು.”

ನಿಲ್ಲಿಸಿ, ಕಾದಳು.